ಕವಣೆವೀರನ ಮುಖಕ್ಕೆ ಸಫೇದಾ

"ನೋಡಾಕ ಕಲೀರಿ ಮೊದಲ." ಇದು ಮಾನ್ವಿಯ ಶಾಲೆಯಲ್ಲಿದ್ದ ಒಬ್ಬ ಡ್ರಾಯಿಂಗ್ ಮಾಸ್ತರರ ಮಾತು. ಶಾಲೆಯ ಮಕ್ಕಳಿಗೆ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರಂತೆ. ರಾಯಚೂರಿಗೆ ಬಂದಾಗ ನಮ್ಮಂಥ ಮೀಸೆ ಬಂದವರಿಗೂ ಹೇಳುತ್ತಿದ್ದರು. ಮಕ್ಕಳು ಕೇಳುತ್ತಿದ್ದರೋ ಏನೋ, ನಮಗಂತೂ ಆ ಮಾತು ಹಿಡಿಸುತ್ತಿರಲಿಲ್ಲ.

ಅವರು ತೀರಿಕೊಂಡರೆಂದು ಹೋದ ವಾರ ದೇವದುರ್ಗದ ಬಸ್ಸಿನಿಂದ ಇಳಿದ ಪರಿಚಯದವರೊಬ್ಬರು ಹೇಳಿದರು. "ಎದಿ ನೋವು ಅಂದ್ರಂತ, ದವಾಖಾನಿಗೆ ಒಯ್ಯೋದ್ರಾಗ ಹೋಗೇಬಿಟ್ರಂತ" ಎಂದು ಹೇಳಿ, ಚೀಲ ಹೆಗಲಿಗೇರಿಸಿ ನಡೆದುಬಿಟ್ಟರು. ಮಾಸ್ತರರಿಗೆ ಐವತ್ತು ಕೂಡ ತುಂಬಿರಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಆಗಿನ ಮಾನ್ವಿಯ ಮಕ್ಕಳಿಗೆ ಡ್ರಾಯಿಂಗ್ ಸರ್ ಎಂದರೆ ಅವರೊಬ್ಬರೇ, ಅಷ್ಟು ಸಾಕು.

ನಮ್ಮ ಪರಿಚಯವಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ಸ್ಟೇಷನ್ ರೋಡಿನಲ್ಲಿದ್ದ ಒಂದು ಬಾಡಿಗೆ ಪುಸ್ತಕದ ಅಂಗಡಿಯಲ್ಲಿ. ಅಂಗಡಿಯವನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಕಾದಂಬರಿ, ವಾರಪತ್ರಿಕೆ, ಚಿತ್ರಕಥೆ ಎಲ್ಲವನ್ನೂ ಹಗ್ಗಕ್ಕೆ ನೇತುಹಾಕಿರುತ್ತಿದ್ದ. ನಾನು ಆಗ ತಹಶೀಲ್ ಕಚೇರಿಯಲ್ಲಿ ಹೊಸ ಗುಮಾಸ್ತ. ಕಚೇರಿ ಬಿಟ್ಟ ಮೇಲೆ ಚಿತ್ರಕಥೆ ಓದುವುದು ನನ್ನ ಚಟ. ಇಪ್ಪತ್ತೈದು ವರ್ಷದ ಗಂಡಸು ಗೊಂಬೆ ಪುಸ್ತಕ ಓದುತ್ತಾನೆಂದು ಮನೆಯಲ್ಲಿ ನಗುತ್ತಿದ್ದರು, ನಾನು ಮಾತ್ರ ಬಿಡಲಿಲ್ಲ.

ತಿಂಗಳಿಗೊಮ್ಮೆ ಬರುತ್ತಿದ್ದ 'ಕವಣೆವೀರ' ಎಂಬ ಚಿತ್ರಕಥೆಗೆ ನಮ್ಮ ಕಡೆ ಬಹಳ ಜನ ಓದುಗರಿದ್ದರು. ಹೊಳೆಯ ದಂಡೆಯಲ್ಲಿ ಹರಿಗೋಲು ಹಾಕುವ ಅಂಬಿಗನ ಮಗ ಕಥೆಯ ನಾಯಕ. ಹಗಲೆಲ್ಲ ಜನರನ್ನು ಹೊಳೆ ದಾಟಿಸುತ್ತಾನೆ. ಕೋಟೆಯ ಮೇಲಿನ ಕಾಳನಾಯಕ ಊರು ಲೂಟಿ ಮಾಡಲು ಬಂದರೆ ಕವಣೆಯಲ್ಲಿ ಕಲ್ಲಿಟ್ಟು ಬೀಸಿ ಅವನ ದಂಡನ್ನು ಓಡಿಸುತ್ತಾನೆ. ಒಳಗಿನ ಹಾಳೆಗಳಲ್ಲಿ ಬಣ್ಣವಿಲ್ಲ, ಕಪ್ಪು ಗೆರೆಗಳು ಮಾತ್ರ. ಮುಖಪುಟಕ್ಕೆ ಬಣ್ಣ ಇರುತ್ತಿತ್ತು, ಅಲ್ಲಿ ಕವಣೆವೀರ ಹೊಸ ಮದುಮಗನಂತೆ ಗುಲಾಬಿ ಕೆನ್ನೆಯವನು. ಕಾಳನಾಯಕನನ್ನು ಒಳಗಡೆಯೂ ಒತ್ತೊತ್ತಾಗಿ ಗೆರೆ ಎಳೆದು ಕರ್ರಗೆ ಮಾಡಿರುತ್ತಿದ್ದರು.

ಒಂದು ಶನಿವಾರ ಅಂಗಡಿಯ ಮುಂದೆ ನಿಂತು ಅದನ್ನೇ ಓದುತ್ತಿದ್ದೆ. ಪಕ್ಕದಲ್ಲಿದ್ದ ಎತ್ತರದ ಮನುಷ್ಯ, ಕಡುಗಪ್ಪು ಬಣ್ಣ, ತೋಳಿನ ತುದಿಗೆಲ್ಲ ಬಣ್ಣದ ಕಲೆಯಿದ್ದ ಬಿಳಿ ಅಂಗಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಒಳಗಿನ ಚಿತ್ರ ತೋರಿಸಿ ಕೇಳಿದರು.

"ಇವಾ ಎಂಥಾ ಬಣ್ಣದಾವ ಹೇಳ್ರಿ?"

"ಬೆಳ್ಳಗ ಅದಾನಲ್ರಿ."

"ಎಲ್ಲಿ ಅದಾನ? ಕಾಗದಕ್ಕ ಬಣ್ಣ ಹಚ್ಚಿಲ್ಲ, ಅಷ್ಟ. ಹಚ್ಚದ್ದನ್ನ ಬಿಳಿ ಮನುಷ್ಯಾ ಅಂತ ನೀವ ತಿಳ್ಕೊಂಡೀರಿ. ಹುಟ್ಟಿದಾಗಿಂದ ಬಿಸಲಾಗ ಹರಗೋಲ ಹಾಕೋನು, ಮೈಮ್ಯಾಲೆ ಅಂಗಿಲ್ಲ. ಅಂಥಾವ ಗುಲಾಬಿ ಹೂವಿನಂಗ ಇರ್ತಾನೇನ್ರಿ? ನೋಡಾಕ ಕಲೀರಿ ಮೊದಲ."

ಪರಿಚಯವಿಲ್ಲದವನಿಗೆ ಹೀಗೆ ಪಾಠ ಹೇಳುವುದಕ್ಕೆ ಇವರು ಯಾರು ಎಂದು ನನಗೆ ರೇಗಿತು. ಆದರೆ ಆ ಪುಸ್ತಕವನ್ನು ಮೂರು ವರ್ಷದಿಂದ ಓದುತ್ತಿದ್ದ ನನಗೆ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ ಎಂಬುದೂ ನಿಜ. ಅವತ್ತಿನಿಂದ ಶನಿವಾರ ಅವರಿಗಾಗಿ ಕಾಯುವುದು ನನಗೆ ರೂಢಿಯಾಯಿತು. ಅವರು ನನ್ನನ್ನು 'ಸಾಹೇಬ್ರ' ಎಂದು ಕರೆಯುತ್ತಿದ್ದರು. ಗುಮಾಸ್ತನಿಗೆ ಸಾಹೇಬ ಅನ್ನುವುದರಲ್ಲಿ ಅರ್ಧ ತಮಾಷೆ ಇರುತ್ತಿತ್ತು.

ಅವರ ಹುಟ್ಟೂರು ದೇವದುರ್ಗದ ಹತ್ತಿರದ ಅರಕೇರಾ. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿದವರು. ಅವರ ಓಣಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲಿಗರು ಇವರು. ಅದನ್ನು ಒಂದು ದೊಡ್ಡ ಸಂಗತಿ ಎಂಬಂತೆ ಎಂದೂ ಹೇಳಲಿಲ್ಲ. ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ್ದನ್ನು ಮಾತ್ರ ಬಹಳ ಖುಷಿಯಿಂದ ಹೇಳುತ್ತಿದ್ದರು. ಒಂದು ಭಾನುವಾರ ಕೋಟೆಯ ಗುಡ್ಡದ ಹಿಂದೆ ಕರೆದುಕೊಂಡು ಹೋಗಿ, ಒಂದು ಹಳೆಯ ಡಬ್ಬಿ ಇಟ್ಟು, ಅಷ್ಟು ದೂರದಿಂದ ಮೂರು ಸಲವೂ ಹೊಡೆದು ತೋರಿಸಿದರು. ನಾನು ಬೀಸಿದ ಕಲ್ಲು ನನ್ನ ಬೆನ್ನ ಹಿಂದೆಯೇ ಬಿತ್ತು.

ಅವರದೊಂದು ಅಭ್ಯಾಸವಿತ್ತು. ಯಾರಾದರೂ ಜೋರಾಗಿ ವಾದ ಮಾಡುತ್ತಿದ್ದರೆ ಜೇಬಿನಿಂದ ಪೆನ್ಸಿಲ್ ತೆಗೆದು, ಕೈ ನೀಡಿ ಹಿಡಿದು, ಒಂದು ಕಣ್ಣು ಮುಚ್ಚಿ ಎದುರಿನವರ ಮುಖವನ್ನು ಅಳೆಯುತ್ತಿದ್ದರು. ಹಣೆಯಿಂದ ಮೂಗಿಗೆ ಎಷ್ಟು, ಮೂಗಿನಿಂದ ಗದ್ದಕ್ಕೆ ಎಷ್ಟು. ಮಾತಾಡುವವನಿಗೆ ಮಾತೇ ಮರೆತುಹೋಗುತ್ತಿತ್ತು.

ಚಾಚಾನ ಅಂಗಡಿಯ ಬೆಂಚಿನ ಮೇಲೆ ವಾದಗಳಿಗೇನೂ ಬರವಿರಲಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿದ್ದ ಕಾಡಿನ ಚಿತ್ರಕಥೆಗಳನ್ನು ಕಂಡರೆ ಮಾಸ್ತರರಿಗೆ ಉರಿ. ಎಲ್ಲಿಂದಲೋ ಬಂದ ಒಬ್ಬ ಬಿಳಿಯ, ಆಫ್ರಿಕದ ಕಾಡಿಗೆಲ್ಲ ಅವನೇ ಯಜಮಾನ, ಅಲ್ಲೇ ಹುಟ್ಟಿದ ಕರಿಯರೆಲ್ಲ ಅವನ ಮುಂದೆ ಕೈಕಟ್ಟಿ ನಿಂತಿರುತ್ತಾರೆ. "ಅಷ್ಟು ದೊಡ್ಡ ಕಾಡಿನಾಗ ಹುಟ್ಟಿ ಬೆಳೆದವ್ರಿಗೆ, ಒಬ್ಬನಿಗೂ ಸಿಂಹ ಓಡಸಾಕ ಬರಂಗಿಲ್ಲೇನು? ಇವಾ ಹಡಗ ಹತ್ತಿ ಬರೋತನಕ ಅವ್ರು ಏನ್ ಮಾಡ್ತಿದ್ರಂತ?" ಎಂದು ಕೇಳುತ್ತಿದ್ದರು.

"ಅದು ಕಥಿ ಮಾಸ್ತರ್ ಸಾಬ್, ಕಥಿ" ಎಂದು ಚಾಚಾ ಅನ್ನುತ್ತಿದ್ದ.

"ಕಥಿ ಬರೇ ಅವ್ರ ಕಡೀಗೆ ಯಾಕ ವಾಲತದ ಚಾಚಾ?"

ಚಾಚಾ ಹಗ್ಗದ ಮೇಲಿನ ಪುಸ್ತಕ ಸರಿಮಾಡಲು ಹೋಗುತ್ತಿದ್ದ.

ಮಾಸ್ತರರು ಹರಿದ ಕವಣೆವೀರಗಳನ್ನು ಚಾಚಾನಿಂದ ಒಯ್ದು, ಹಿಟ್ಟಿನ ಅಂಟಿನಿಂದ ತೇಪೆ ಹಾಕಿ, ಶಾಲೆಯ ಒಂದು ಟ್ರಂಕಿನಲ್ಲಿ ಇಡುತ್ತಿದ್ದರು. ಮಾನ್ವಿಯ ಮಕ್ಕಳಿಗೆ ಅದೇ ಗ್ರಂಥಾಲಯ. ಒಮ್ಮೆ ಮಾನ್ವಿಗೆ ಹೋದಾಗ ಟ್ರಂಕು ತೆಗೆದು ನೋಡಿದೆ. ಎಲೆ ಅಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ, ಸಣ್ಣ ಕುಂಚದಿಂದ ಪ್ರತಿ ಪುಸ್ತಕದ ಪ್ರತಿ ಹಾಳೆಯಲ್ಲಿ, ಕವಣೆವೀರನ ಮುಖ, ಎದೆ, ಕೈಕಾಲಿಗೆ ಬಣ್ಣ ಹಚ್ಚಿದ್ದರು. ಮುಖಪುಟ ಹರಿದುಹೋದವೇ ಹೆಚ್ಚು, ಉಳಿದವಕ್ಕೂ ಕಾಚು ಬಿದ್ದಿತ್ತು. ಚಂದದ ಕಂದುಗಪ್ಪು. ಕೆಲಸ ಎಷ್ಟು ಹಸನಾಗಿತ್ತೆಂದರೆ ಅಚ್ಚಿನಲ್ಲೇ ಹಾಗೆ ಬಂದಂತೆ ಕಾಣುತ್ತಿತ್ತು.

"ಈಗ ಕಾಳನಾಯಕನೂ ಕರಿಯ, ಇವನೂ ಕರಿಯ. ಕಳ್ಳ ಯಾರು ಅಂತ ಹುಡುಗರಿಗೆ ಹೆಂಗ ತಿಳೀಬೇಕ್ರಿ?" ಎಂದು ಕೇಳಿದೆ.

"ಯಾರು ಏನ್ ಮಾಡ್ತಾರ ನೋಡಿ ತಿಳೀಲಿ" ಎಂದರು.

ಆ ಮಕ್ಕಳಿಗೆ ಬೇರೆ ಕವಣೆವೀರ ಇದ್ದಾನೆಂಬುದೇ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಅಂಗಡಿಯೊಂದರಲ್ಲಿ ಹೊಸ ಸಂಚಿಕೆಯ ಮುಖಪುಟ ಕಂಡು, ನಿಮ್ಮ ಪ್ರೆಸ್ಸಿನಲ್ಲಿ ಬಣ್ಣ ತಪ್ಪಾಗಿದೆ, ಮುಂದಿನ ಸಲ ಸರಿಮಾಡಿರಿ ಎಂದು ಪತ್ರಿಕೆಗೆ ಕಾರ್ಡು ಬರೆದರಂತೆ. ಇದನ್ನು ಹೇಳುವಾಗ ಮಾಸ್ತರರು ನಕ್ಕ ನಗೆ ಈಗಲೂ ನೆನಪಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇನ್ನು ನಾಟಕದ ವಿಷಯ. ನಮ್ಮ ಓದುಗರದೊಂದು ಗುಂಪಿತ್ತು, ಊರಿನ ಒಬ್ಬ ವಕೀಲರು ಅದಕ್ಕೆ ಅಧ್ಯಕ್ಷರು. ಕವಣೆವೀರನನ್ನು ರಂಗದ ಮೇಲೆ ತರಬೇಕೆಂದು ನಾನೇ ಹಟ ಹಿಡಿದೆ. ನಾಟಕ ಬರೆದವನೂ ನಾನೇ. ಎಂಟು ತಿಂಗಳು ಕಚೇರಿಯ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದೆ. ಅದು ಆಡದೇ ಉಳಿದರೆ ಸತ್ತೇಹೋಗುತ್ತೇನೆ ಎನ್ನುವಷ್ಟು ಹುಚ್ಚು ಆಗ.

ನಾಯಕನ ಪಾತ್ರಕ್ಕೆ ಯಾರು ಎಂದು ನಿರ್ಧರಿಸಲು ವಕೀಲರ ಮನೆಯ ಪಡಸಾಲೆಯಲ್ಲಿ ಭಾನುವಾರಗಳಂದು ಸೇರುತ್ತಿದ್ದೆವು. ಮಾಸ್ತರರು ಯಾವಾಗಲೂ ತಡವಾಗಿ, ನಾವೆಲ್ಲ ಚಹಾ ಕುಡಿದಾದ ಮೇಲೆ ಬರುತ್ತಿದ್ದರು. "ಬಸ್ ಲೇಟಾತ್ರಿ" ಎನ್ನುತ್ತಿದ್ದರು. ನಾನು ಮಾನ್ವಿಯ ಬಸ್ಸನ್ನು ಬೈಯುತ್ತಿದ್ದೆ. ಬಸ್ಸು ಎರಡು ಗಂಟೆಗೇ ಬರುತ್ತದೆ, ನಾಲ್ಕರವರೆಗೆ ಅವರು ತನ್ನ ಅಂಗಡಿಯಲ್ಲೇ ನಿಂತಿರುತ್ತಾರೆ ಎಂದು ಚಾಚಾ ಬಹಳ ದಿನಗಳ ಮೇಲೆ ಹೇಳಿದ. ವಕೀಲರ ಮನೆಯ ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿದ್ದ ಒಂದು ಗಾಜಿನ ಲೋಟವನ್ನು ನಾನೂ ನೋಡಿದ್ದೆ. ಯಾರಿಗೆಂದು ಕೇಳಿರಲಿಲ್ಲ.

ಪಾತ್ರಕ್ಕೆ ಇಬ್ಬರ ಹೆಸರಿತ್ತು. ಒಂದು ಮಾಸ್ತರರದು, ನಾನು ಹೇಳಿದ್ದು. ಇನ್ನೊಂದು ಗುರುರಾಜನದು. ಗುರುರಾಜ ಬ್ಯಾಂಕಿನಲ್ಲಿದ್ದ, ಬೆಳ್ಳಗೆ ಕೆಂಪಗೆ ಇದ್ದ, ಒಳ್ಳೆಯ ಹುಡುಗ. ನಟನೆ ಮಾತ್ರ ಬರುತ್ತಿರಲಿಲ್ಲ. ಪರೀಕ್ಷೆಗೆಂದು ಕವಣೆ ಕೊಟ್ಟರೆ ವಕೀಲರ ಪಡಸಾಲೆಯ ದೀಪದ ಗಾಜು ಒಡೆದ. ಮಾಸ್ತರರು ಎದ್ದು ನಿಂತು ನಾಯಕನ ನಾಲ್ಕು ಮಾತು ಹೇಳಿದಾಗ, ಒಳಗೆ ಅಡುಗೆ ಮಾಡುತ್ತಿದ್ದವರೂ ಬಾಗಿಲಿಗೆ ಬಂದು ನಿಂತರು. ಇವರೇ ಸರಿ ಎಂದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಬಾಯಲ್ಲಿ ಮಾತ್ರ ಬೇರೆ.

"ಮಾಸ್ತರ್ರು ಭಾರಿ ಮಾಡ್ತಾರ, ಅದರಾಗ ಎರಡು ಮಾತಿಲ್ಲ" ಎಂದರು ವಕೀಲರು. "ಆದ್ರ ಪುಸ್ತಕದಾಗ ಹೆಂಗದಾನೋ ಹಂಗ ಇರಬೇಕಲ್ರಿ. ಜನ ಅದನ್ನ ನೋಡಾಕ ಬರ್ತಾರ."

"ನನಗೇನೂ ಇಲ್ರಿ" ಎಂದ ಗುರುರಾಜ. "ಓದೋರಿಗೆ ಬ್ಯಾಸರಾಗಬಾರದು, ಅಷ್ಟ."

ನನಗೇನೂ ಇಲ್ಲ ಎನ್ನದವರು ಅಲ್ಲಿ ಒಬ್ಬರೂ ಇರಲಿಲ್ಲ. ಯಾರಿಗೂ ಏನೂ ಇಲ್ಲದಿದ್ದರೆ ಅಡ್ಡಿ ಎಲ್ಲಿಂದ ಬರುತ್ತಿತ್ತು ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಎಲ್ಲರೂ ಬಣ್ಣದ ಮಾತಾಡುತ್ತಿದ್ದರು. ಮಾತು ಬಣ್ಣದ್ದು ಮಾತ್ರ ಅಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಕಿಟಕಿಯ ಮೇಲಿನ ಲೋಟದ ಹಾಗೆ.

ಮೂರನೆಯ ಭಾನುವಾರ ಮಾಸ್ತರರ ಹಳೆಯ ವಿದ್ಯಾರ್ಥಿಗಳಿಬ್ಬರು ಮಾನ್ವಿಯಿಂದ ಬಂದರು. ಆ ಹೊತ್ತಿಗೆ ಕಾಲೇಜು ಸೇರಿದ್ದರು. ಪುಸ್ತಕದಲ್ಲಿ ಇರುವ ಹಾಗೇ ಇರಬೇಕು ಎಂದು ವಕೀಲರು ಅಂದ ಕೂಡಲೇ, "ಅದನ್ನ ನಾವೂ ಹೇಳಾಕ ಬಂದೀವ್ರಿ. ಕವಣೆವೀರ ಕರಿಯ ಅದಾನ" ಎಂದರು.

ಗುರುರಾಜ ನಕ್ಕುಬಿಟ್ಟ. ತಾನು ತಂದಿದ್ದ ಪುಸ್ತಕ ತೆಗೆದು ಮುಖಪುಟ ತೋರಿಸಿದ. ಹುಡುಗರು ತಮ್ಮ ಚೀಲದಿಂದ ತಮ್ಮ ಪುಸ್ತಕ ತೆಗೆದು ಹಾಳೆ ಹಾಳೆ ತಿರುವಿ ತೋರಿಸಿದರು. ಅದೇ ಸಂಚಿಕೆ, ಅದೇ ಚಿತ್ರ. ಇವನದರಲ್ಲಿ ಬಿಳಿ, ಅವರದರಲ್ಲಿ ಕಂದುಗಪ್ಪು. ನಿಮ್ಮದು ಸುಳ್ಳು ಎಂದು ಇವನು, ನಿಮ್ಮದು ಪ್ರೆಸ್ಸಿನ ತಪ್ಪು ಎಂದು ಅವರು. ಅರ್ಧ ಗಂಟೆ ಗದ್ದಲ. ವಕೀಲರು ಎರಡೂ ಪುಸ್ತಕಗಳನ್ನು ಬೆಳಕಿಗೆ ಹಿಡಿದು ಸಾಕ್ಷಿ ವಿಚಾರಣೆ ಮಾಡುವಂತೆ ನೋಡಿದರು. ಮಾಸ್ತರರು ಬಾಗಿಲ ಹತ್ತಿರ ನೆಲ ನೋಡುತ್ತ ಕೂತಿದ್ದರು. ಕೊನೆಗೆ ಎದ್ದು, "ಹುಡುಗರದೇನೂ ತಪ್ಪಿಲ್ರಿ. ಬಣ್ಣ ನಾನ ಹಚ್ಚೀನಿ" ಎಂದರು.

ಹುಡುಗರ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ನಂಬಿದ್ದು ತಮ್ಮ ಸರ್ ಕಲಸಿದ ಕಾಚು ಎಂದು ಅವರಿಗೆ ಗೊತ್ತಾದದ್ದು ಇಷ್ಟು ಜನರ ಎದುರು. ವಕೀಲರಿಗೆ ಬೇಕಾದ್ದು ಸಿಕ್ಕಿತು. "ಅಚ್ಚಾದ ಪುಸ್ತಕ ತಿದ್ದೋದು ತಪ್ಪಲ್ಲೇನ್ರಿ ಮಾಸ್ತರ? ಅದೂ ಮಕ್ಕಳಿಗೆ" ಎಂದರು. ನನಗೆ ಮಾಸ್ತರರ ಮೇಲೆಯೇ ಸಿಟ್ಟು ಬಂತು. ಇನ್ನೆರಡು ನಿಮಿಷ ಸುಮ್ಮನಿದ್ದರೆ ಪಾತ್ರ ಅವರದೇ ಆಗುತ್ತಿತ್ತು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಹುಡುಗರು ಮುಂದೆ ಹೋಗಿದ್ದರು. ಅಲ್ಲಿ, ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತು, ತಮ್ಮ ಬಗ್ಗೆ ಎಂದೂ ಹೇಳದವರು ಅವತ್ತು ಹೇಳಿದರು.

"ಹದಿನಾಕು ವರ್ಷ ಆತ್ರಿ ಸಾಹೇಬ್ರ ನಾಟಕ ಮಾಡಾಕ ಹತ್ತಿ. ರಾಕ್ಷಸಾ, ಕಟುಕಾ, ಯಮನ ದೂತ. ನಿಮಗ ಬಣ್ಣಾನ ಬ್ಯಾಡ ಬಿಡ್ರಿ ಅಂತ ನಗತಾರ, ನಾನೂ ನಗತೀನಿ. ಒಂದ ಸಲ ಇದ ಮಾರಿ ಇಟಗೊಂಡು, ಇದ ಬಣ್ಣದಾಗ, ಜನರನ್ನ ಉಳಸೋನಾಗಿ ನಿಂದ್ರಬೇಕು ಅನಸ್ತದ. ನಮ್ಮ ಹುಡುಗರು ಅದನ್ನ ನೋಡಬೇಕು. ಅಷ್ಟ ನನ್ನ ಆಸೆ."

ನಾನು ಅವರ ಕೈ ಹಿಡಿದು, ಇದನ್ನು ಮಾಡಿಸಿಯೇ ತೀರುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದೆ.

ಮುಂದಿನ ಎರಡು ವಾರ ನಾನು ಓಡಾಡಿದ ಓಡಾಟ ನಮ್ಮ ಮನೆಯ ಮದುವೆಗೂ ಓಡಾಡಿಲ್ಲ. ವಕೀಲರ ಮನೆಗೆ ಮೂರು ಸಲ ಹೋದೆ. ಗುರುರಾಜನಿಗೆ ಬ್ಯಾಂಕಿನ ಬಾಗಿಲಲ್ಲಿ ಕಾದೆ. ಚಾಚಾನನ್ನು ಮುಂದಿಟ್ಟುಕೊಂಡು ಉಳಿದ ಓದುಗರನ್ನು ಒಪ್ಪಿಸಿದೆ. ಕೊನೆಗೆ ಒಂದು ದಾರಿ ಸಿಕ್ಕಿತು. ನಾಯಕನ ಪಾತ್ರ ಮಾಸ್ತರರಿಗೆ, ಆದರೆ ಮುಖಪುಟದಲ್ಲಿ ಇದ್ದಂತೆ ಮೈಗೆ ಸಫೇದಾ ಹಚ್ಚಿಕೊಳ್ಳಬೇಕು. ಸಫೇದಾ ಅಂದರೆ ನಾಟಕದವರು ಬಳಿದುಕೊಳ್ಳುವ ಬಿಳಿಯ ಪುಡಿ, ಎಣ್ಣೆಯಲ್ಲಿ ಕಲಸಿ ಚೂರು ಕೆಂಪು ಇಂಗಳೀಕ ಸೇರಿಸಿದರೆ ಗುಲಾಬಿ ಆಗುತ್ತದೆ. ಗುರುರಾಜನಿಗೂ ಬೇಸರವಾಗಬಾರದಲ್ಲ, ಅವನಿಗೆ ಕಾಳನಾಯಕನ ಪಾತ್ರ, ದೀಪದ ಮಸಿ ಬಳಿದು. ಎಲ್ಲರೂ ಖುಷಿಯಾದರು. ವಕೀಲರು ನನ್ನ ಬೆನ್ನು ತಟ್ಟಿ, "ನೀವು ವಕೀಲಿ ಓದಬೇಕಿತ್ತು ನೋಡ್ರಿ" ಎಂದರು. ನಾನು ಉಬ್ಬಿಹೋದೆ.

ಮಾಸ್ತರರಿಗೆ ಹೇಳಿದ್ದು ಕರಪತ್ರ ಅಚ್ಚಾದ ಮೇಲೆ, ಶನಿವಾರ, ಚಾಚಾನ ಅಂಗಡಿಯಲ್ಲಿ. ಕರಪತ್ರದಲ್ಲಿ ಅವರ ಹೆಸರು ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅದನ್ನು ಮೊದಲು ತೋರಿಸಿ, ಸಫೇದಾದ ಮಾತು ಆಮೇಲೆ ಹೇಳಿದೆ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಕೈ ನೀಡಿ, ಒಂದು ಕಣ್ಣು ಮುಚ್ಚಿ ನನ್ನ ಮುಖ ಅಳೆದರು. ಬಹಳ ಹೊತ್ತು ಅಳೆದರು. ಆಮೇಲೆ "ಆತ್ರಿ" ಎಂದರು. ಆ ದಿನ ಹರಿದ ಪುಸ್ತಕ ಒಂದನ್ನೂ ಒಯ್ಯಲಿಲ್ಲ.

ನಾಟಕ ಒಂದು ಭಾನುವಾರ ಮಧ್ಯಾಹ್ನ, ಒಂದು ಶಾಲೆಯ ಸಭಾಂಗಣದಲ್ಲಿ. ಬಣ್ಣ ಹಚ್ಚುವವರು ಬೇರೆ ಯಾರೂ ಇರಲಿಲ್ಲ, ನಮ್ಮ ಗುಂಪಿನಲ್ಲಿ ಆ ಕೆಲಸ ಬಲ್ಲವರು ಮಾಸ್ತರರೊಬ್ಬರೇ. ಗುರುರಾಜನನ್ನು ಕನ್ನಡಿಯ ಮುಂದೆ ಕೂರಿಸಿ, ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಅವನ ಮುಖಕ್ಕೆ ಹಚ್ಚಿದರು. ಗುರುರಾಜ ಕನ್ನಡಿ ನೋಡಿಕೊಂಡು ನಗುತ್ತ, "ಈಗ ನಿಮ್ಮಂಗ ಆದೆ ನೋಡ್ರಿ ಮಾಸ್ತರ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

"ಇನ್ನೂ ಇಲ್ಲ. ಕಿವಿ ಹಿಂದ ಬಿಟ್ಟದ" ಎಂದು ಮಾಸ್ತರರು ಅಲ್ಲಿಗೂ ಹಚ್ಚಿದರು.

ಆಮೇಲೆ ತಾವು ಕೂತರು. ಹಣೆ, ಕೆನ್ನೆ, ಕುತ್ತಿಗೆ, ಕಿವಿಯ ಹಿಂದೆ, ಎದೆ, ಬೆರಳ ತುದಿಯವರೆಗೆ ಎರಡೂ ಕೈ. ಯಾವ ಕಂಪನಿ ನಾಟಕದಲ್ಲೂ ಅಷ್ಟು ಅಚ್ಚುಕಟ್ಟಾದ ಬಣ್ಣ ನಾನು ನೋಡಿಲ್ಲ. ಎದ್ದು ನಿಂತಾಗ ಮುಖಪುಟದ ಕವಣೆವೀರನೇ ನಿಂತಿದ್ದ. ನಾನು ಚಪ್ಪಾಳೆ ತಟ್ಟಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ತಟ್ಟಿದ್ದು ನಿಜ.

ಮಾನ್ವಿಯ ಮಕ್ಕಳು ಬಸ್ಸಿನಲ್ಲಿ ಬಂದು ಮುಂದಿನ ಸಾಲುಗಳಲ್ಲಿ ನೆಲದ ಮೇಲೆ ಕೂತಿದ್ದರು. ತಮ್ಮ ಸರ್ ಕವಣೆವೀರ ಆಗಿದ್ದಾರೆಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಲು ನಾನು ಅವರ ಪಕ್ಕದಲ್ಲೇ ನಿಂತೆ. ಪರದೆ ಎದ್ದಿತು. ಕವಣೆವೀರ ಹರಿಗೋಲಿನ ಹುಟ್ಟು ಹಿಡಿದು ಬಂದು ಮಾತು ಶುರು ಮಾಡಿದ. ರಾಯಚೂರಿನ ಜನ ಚಪ್ಪಾಳೆ ಹೊಡೆದರು. ಮಕ್ಕಳು ಹೊಡೆಯಲಿಲ್ಲ.

ಒಂದು ಸಣ್ಣ ಹುಡುಗಿ ನನ್ನ ಅಂಗಿ ಹಿಡಿದು ಎಳೆದು, "ನಮ್ಮ ಸರ್ ಯಾವಾಗ ಬರ್ತಾರ್ರಿ?" ಎಂದಳು.

"ಅವ್ರ ಅಲ್ಲೇನವ್ವಾ, ನಿಂತಾರ ನೋಡು."

ಅವಳು ಸರಿಯಾಗಿ ನೋಡಿದಳು. "ಅವ್ರಲ್ರಿ. ಇವ್ರು ಬ್ಯಾರೆ ಅದಾರ" ಎಂದಳು.

ದನಿ ಕೇಳಿ ದೊಡ್ಡ ಮಕ್ಕಳು ಗುರುತು ಹಿಡಿದರು. ಹಿಡಿದವರು ಸುಮ್ಮನಾಗಿ ಕೂತರು. ಸಣ್ಣವರಿಗೆ ಅದು ತಿಳಿಯಲಿಲ್ಲ. ಎರಡನೆಯ ಅಂಕದಲ್ಲಿ ಕಾಳನಾಯಕ ಬಂದ. ಎತ್ತರದ ಗುರುರಾಜ, ಮೈಯೆಲ್ಲ ಕರ್ರಗೆ. ಸಣ್ಣ ಮಕ್ಕಳು ಒಮ್ಮೆಲೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಕವಣೆವೀರ, ಕವಣೆವೀರ ಎಂದು ಕೂಗಿದರು. ಅವರ ಟ್ರಂಕಿನ ಪುಸ್ತಕಗಳಲ್ಲಿ ಇದ್ದವನು ಇವನೇ ಎಂದು ಅವರು ತಿಳಿದರು. ನಾನು ಕೂರಿಸಲು ನೋಡಿದೆ, ಅಲ್ಲ ಎಂದು ಹೇಳಲು ನೋಡಿದೆ. ನನ್ನ ಮಾತು ಯಾರಿಗೂ ಕೇಳಲಿಲ್ಲ. ಹಿಂದಿನ ಸಾಲಿನವರು ಇದೆಂಥ ತಮಾಷೆ ಎಂದು ನಗತೊಡಗಿದರು.

ಕೊನೆಯ ದೃಶ್ಯದಲ್ಲಿ ಕವಣೆವೀರ ಬಟ್ಟೆಯ ಉಂಡೆಯನ್ನು ಕವಣೆಯಲ್ಲಿಟ್ಟು ಬೀಸಿ ಕಾಳನಾಯಕನ ಎದೆಗೆ ಹೊಡೆಯಬೇಕು. ಮಾಸ್ತರರು ಕವಣೆ ತಿರುಗಿಸತೊಡಗಿದರು. ಕೆಳಗೆ ಮಕ್ಕಳು ಬೇಡ ಬೇಡ ಎಂದು ಕೂಗುತ್ತಿದ್ದರು. ಒಂದು ಮಗು ಅಳಲು ಶುರು ಮಾಡಿತು. ಮಾಸ್ತರರು ಆ ಕಡೆ ಒಮ್ಮೆ ನೋಡಿದರು. ಉಂಡೆ ಗುರುರಾಜನಿಂದ ನಾಲ್ಕು ಮಾರು ದೂರ ಹೋಗಿ ಪಕ್ಕದ ಪರದೆಗೆ ಬಡಿಯಿತು. ಗುರುರಾಜ ಹೇಗೋ ಸಾವರಿಸಿಕೊಂಡು ಬಿದ್ದುಬಿಟ್ಟ. ಮಾಸ್ತರರ ಗುರಿ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಕೀಲರು ಹಾರ ಹಾಕಿ ನಾಲ್ಕು ಮಾತಾಡಿದರು. ಮಾಸ್ತರರು ಹಾರವನ್ನು ಕುರ್ಚಿಯ ಮೇಲಿಟ್ಟು, ಶೇಂಗಾ ಎಣ್ಣೆಯಿಂದ ಬಣ್ಣ ಒರೆಸಿಕೊಂಡು, ಮಕ್ಕಳ ಜೊತೆ ಅದೇ ಬಸ್ಸು ಹತ್ತಿದರು. ನಾನು ಕಿಟಕಿಯ ಕೆಳಗೆ ನಿಂತು ಏನೇನೋ ಹೇಳಿದೆ. ಅವರು ಮುಂದಿನ ಸೀಟಿನ ಹಿಂಬದಿಯನ್ನೇ ನೋಡುತ್ತಿದ್ದರು. ಅವರ ಪಕ್ಕದ ಸೀಟಿನಲ್ಲಿ ಯಾವ ಮಗುವೂ ಕೂತಿರಲಿಲ್ಲ.

ಆ ವರ್ಷವೇ ತಾವಾಗಿಯೇ ಕೇಳಿ ದೇವದುರ್ಗಕ್ಕೆ ವರ್ಗ ಮಾಡಿಸಿಕೊಂಡರು. ಶನಿವಾರ ರಾಯಚೂರಿಗೆ ಬರುವುದು ನಿಂತಿತು. ಚಾಚಾ ಬಹಳ ದಿನ ಹರಿದ ಕವಣೆವೀರಗಳನ್ನು ಒಂದು ದಾರದಲ್ಲಿ ಕಟ್ಟಿ ಇಟ್ಟಿದ್ದ, ಆಮೇಲೆ ರದ್ದಿಗೆ ಹಾಕಿದ. ಅಂಗಡಿಯ ಬೆಂಚಿನ ಮೇಲೆ ವಾದ ಮಾತ್ರ ನಿಲ್ಲಲಿಲ್ಲ. ಮಾನ್ವಿಯ ಹುಡುಗರು ನಾಟಕ ಕೆಡಿಸಿದರು ಎಂದು ಒಬ್ಬ, ಪುಸ್ತಕಕ್ಕೆ ಕಾಚು ಹಚ್ಚಿದ್ದರಿಂದ ಹೀಗಾಯಿತು ಎಂದು ಇನ್ನೊಬ್ಬ, ಗುರುರಾಜನೇ ನಾಯಕನಾಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಮತ್ತೊಬ್ಬ. ನಾನು ಎಲ್ಲರ ಜೊತೆಗೂ ಜಗಳಾಡಿದೆ. ವಕೀಲರ ಮನೆಗೆ ಹೋಗುವುದನ್ನು ಬಿಟ್ಟೆ. ಎಂಥ ಜನ, ಒಬ್ಬ ಒಳ್ಳೆಯ ನಟನನ್ನು ಹೇಗೆ ಹಾಳು ಮಾಡಿದರು ನೋಡಿರಿ ಎಂದು ಹೋದಲ್ಲೆಲ್ಲ ಈ ಕಥೆ ಹೇಳಿದೆ. ಕೇಳಿದವರು ನನ್ನನ್ನು ದೊಡ್ಡ ಮನಸ್ಸಿನವನು ಎಂದರು.

ಆರೇಳು ವರ್ಷಗಳ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಕಚೇರಿಯ ಕೆಲಸಕ್ಕೆ ದೇವದುರ್ಗಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು, ಮಾಸ್ತರರ ಶಾಲೆ ಹುಡುಕಿಕೊಂಡು ಹೋದೆ. ಬೇವಿನ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳು ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿ ಬರೆಯುತ್ತಿದ್ದರು. ಎಲ್ಲರ ಹತ್ತಿರವೂ ಕಂದು ಬಣ್ಣದ ಕಡ್ಡಿ ಇತ್ತು.

"ಬರ್ರಿ ಸಾಹೇಬ್ರ, ಬರ್ರಿ" ಎಂದು ಎದ್ದು ಬಂದರು. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. ಕ್ಲಾಸು ಬಿಟ್ಟ ಮೇಲೆ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಚಹಾ ಕೊಟ್ಟರು. ಮೂವರೂ ಕೂತು ಒಟ್ಟಿಗೆ ಕುಡಿದೆವು. ಮಳೆ, ವರ್ಗಾವರ್ಗಿ, ಚಾಚಾನ ಮಂಡಿನೋವು ಎಲ್ಲ ಮಾತಾಡಿದೆವು. ಹೊರಡುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ನಿಮ್ಮನ್ನ ಹಂಗ ನಡಸಿಕೊಂಡ್ರಲ್ಲ ಮಾಸ್ತರ, ನನಗ ಇವತ್ತಿಗೂ ಹೊಟ್ಟಿ ಉರೀತದ" ಎಂದೆ. "ನಾನೇನು ಕಮ್ಮಿ ಓಡ್ಯಾಡ್ಲಿಲ್ಲ. ವಕೀಲರ ಮನಿಗೆ ಮೂರು ಸಲ ಹೋದೆ. ಗುರುರಾಜಗ ಕೇಳಿದೆ. ಓದೋರನ್ನೆಲ್ಲ ಹಿಡಿದು ಒಬ್ಬೊಬ್ಬರನ್ನ ಕೇಳಿದೆ. ಎಲ್ಲಾರನ್ನೂ ಕೇಳೇ ಮಾಡಿದ್ದು."

ಅವರು ಲೋಟ ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವಂತೆ ಹೇಳಿದರು. "ಹೌದ್ರಿ ಸಾಹೇಬ್ರ. ಎಲ್ಲಾರನ್ನೂ ಕೇಳಿದ್ರಿ, ನನ್ನೊಬ್ಬನ್ನ ಬಿಟ್ಟು."

ಅವರ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಅವರು ಸ್ಟ್ಯಾಂಡಿನವರೆಗೆ ಬಂದು, ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದರು. ಆಮೇಲೆ ನಾನು ದೇವದುರ್ಗಕ್ಕೆ ಹೋಗಲಿಲ್ಲ. ಎರಡು ಸಲ ಕೆಲಸ ಬಿದ್ದರೂ ಬೇರೆಯವರನ್ನು ಕಳಿಸಿದೆ.

ಅಷ್ಟೆಲ್ಲ ಓಡಾಟದಲ್ಲಿ ಅವರನ್ನು ಕೇಳುವುದು ಮರೆತುಹೋಯಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅವರಿಲ್ಲ, ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ನಾನು ಮರೆತಿರಲಿಲ್ಲ. ಕೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು, ನನ್ನ ನಾಟಕ ನಿಂತುಹೋಗುತ್ತಿತ್ತು. ಅದು ಗೊತ್ತಿದ್ದೇ ನಾನು ಕೇಳಲಿಲ್ಲ.